ಎರಡನೆಯ ಸಾಲಿನ ಮೀಸೆ

ಮುಖ ನೋಡಿದ ಕೂಡಲೇ ಮನುಷ್ಯನನ್ನು ಗುರುತಿಸಿಬಿಡುತ್ತೇನೆ ಎಂಬ ಭ್ರಮೆ ನನಗೆ ಮೊದಲಿನಿಂದಲೂ ಇದೆ. ಒಮ್ಮೆ ಕಲಬುರಗಿ ಬಸ್ ನಿಲ್ದಾಣದಲ್ಲಿ ಹಳೆಯ ಸಹಪಾಠಿಯೆಂದು ಒಬ್ಬರನ್ನು ತಬ್ಬಿಕೊಂಡು, ಮಹಾಗಾಂವದವರೆಗೂ ಪಕ್ಕದಲ್ಲೇ ಕೂತು, ಮಾಸ್ತರರ ಹೊಡೆತಗಳನ್ನು ನೆನಪಿಸುತ್ತ ಹೋಗಿದ್ದೆ. ತಾವು ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲವೆಂದು ಅವರು ಇಳಿಯುವಾಗ ಬಹಳ ಸಂಕೋಚದಿಂದ ತಿಳಿಸಿದರು. ಇದನ್ನು ಹೆಂಡತಿಗೆ ಹೇಳಿದ್ದು ನನ್ನ ಜೀವನದ ದೊಡ್ಡ ತಪ್ಪು.

ಇಂಥ ನನ್ನ ಕೈಗೆ ದೊಡ್ಡಪ್ಪನ ಮಗ ಬಸಣ್ಣ ಒಂದು ಫೋಟೋ ತಂದುಕೊಟ್ಟ. ಶರಣಸಿರಸಗಿಯ ಒಬ್ಬ ಮಾಜಿ ಸಿಪಾಯಿಯ ಮನೆಯದು. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಊರು ತಣ್ಣಗಾದ ಮೇಲೆ, ಬರ್ಮಾ ಕಡೆಯ ಯುದ್ಧಕ್ಕೆ ಹೋಗಿಬಂದವರೆಲ್ಲ ಕಲಬುರಗಿಯಲ್ಲಿ ಸೇರಿ ತೆಗೆಸಿಕೊಂಡದ್ದು. ನನ್ನ ಅಪ್ಪನೂ ಅದರಲ್ಲಿದ್ದಾರಂತೆ. ಅವರು ಯಾರೆಂದು ಅವ್ವನನ್ನು ಕೇಳಿ ಗುರುತು ಹಾಕಿಕೊಡಬೇಕಂತೆ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಹೋದ ಅಪ್ಪನ ಒಂದು ಚಿತ್ರವೂ ಮನೆಯಲ್ಲಿಲ್ಲ. ಆ ಮುಖವನ್ನು ಒಮ್ಮೆ ನೋಡಬೇಕೆಂಬ ಆಸೆ ನನ್ನನ್ನು ಎಂದೂ ಬಿಟ್ಟದ್ದಿಲ್ಲ.

ಹೆಚ್ಚು ಹುಡುಕಬೇಕಾಗಲಿಲ್ಲ. ಎರಡನೆಯ ಸಾಲಿನ ನಡುವೆ, ಕುರ್ಚಿಯಲ್ಲಿ ಎದೆ ಸೆಟೆಸಿ ಕೂತಿದ್ದ ದಪ್ಪ ಮೀಸೆಯ ಆಸಾಮಿಯೇ ಅಪ್ಪನೆಂದು ತೀರ್ಮಾನಿಸಿದೆ. ಮೂಗು ಥೇಟ್ ನನ್ನದೇ. ಹೆಂಡತಿ ಬಸ್ಸಿನ ಸಹಪಾಠಿಯನ್ನು ನೆನಪಿಸಿದಳು. ನಾನು ಕಿವಿಗೆ ಹಾಕಿಕೊಳ್ಳದೆ, ಒಂದು ತಿಂಗಳು ಕಾದು ಅಂಥದೇ ಮೀಸೆ ಬೆಳೆಸಿಕೊಂಡು, ಫೋಟೋ ಸಮೇತ ಕಮಲಾಪುರಕ್ಕೆ ಅವ್ವನ ಬಳಿಗೆ ಹೋದೆ.

ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. ಆಮೇಲೆ ನನ್ನ ಮೀಸೆಯನ್ನು ನೋಡಿ ನಕ್ಕಳು.

"ಇಂವ ಚಹಾ ಮಾರಾಂವ. ನಿಮ್ಮಪ್ಪ ಇಲ್ಲಿ ಅದಾರ ನೋಡು."

ಅವಳ ಬೆರಳು ಫೋಟೋದ ಅಂಚಿನಲ್ಲಿತ್ತು. ಅರ್ಧ ಬಾಗಿ ಕೈಮುಗಿದ ಒಂದು ಆಕೃತಿ. ಅಲುಗಾಡಿದ್ದರಿಂದ ಮುಖವೆಲ್ಲ ಕಲಸಿಹೋಗಿತ್ತು. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪ ಆ ಕಡೆಯಿಂದ ಬಂದರಂತೆ. ಅಪ್ಪ ತಟ್ಟನೆ ಎದ್ದು ಹೋಗಿ ಕೈಮುಗಿದರಂತೆ. ನಡುವೆ ಅವರ ಕುರ್ಚಿ ಖಾಲಿ ಕಂಡರೆ ಚೆನ್ನಾಗಿರುವುದಿಲ್ಲವೆಂದು ಫೋಟೋದವನು ಚಹಾದವನನ್ನು ಕೂರಿಸಿದನಂತೆ. ಅಪ್ಪನೇ ಮನೆಗೆ ಬಂದು ಇದನ್ನು ಹೇಳಿಕೊಂಡು ನಕ್ಕಿದ್ದರಂತೆ.

"ಅಣ್ಣನ ಮುಂದ ಅವರು ಎಂದೂ ಕುರ್ಚಿ ಮ್ಯಾಲ ಕುಂತವರಲ್ಲ. ಎದ್ದು ನಿಂತಿದ್ದು ನೋಡಿದ್ರ ಸಾಕು, ನನಗ ಗೊತ್ತಾಗ್ತದ," ಎಂದು ಅವ್ವ ಆ ಮಸುಕನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

ಮುಖ ಕಾಣದಿದ್ದರೂ ಅಂದು ಅಪ್ಪನನ್ನು ನೋಡಿದೆನೆಂದೇ ಅನಿಸಿ ನನ್ನ ಮನಸ್ಸು ತುಂಬಿತು.

ಮೀಸೆಯನ್ನು ಮರುದಿನವೇ ತೆಗೆಸಿದೆ. ಫೋಟೋ ಒಯ್ಯಲು ಬಸಣ್ಣ ಬಂದ. ನನಗಿಂತ ಎರಡೇ ವರ್ಷ ದೊಡ್ಡವನಾದ ಅವನಿಗೆ ನಾನು ಈವರೆಗೆ ಕೂತಲ್ಲಿಂದಲೇ ತಲೆಯಾಡಿಸುತ್ತಿದ್ದೆ. ಅಂದು ಅಪ್ಪನ ಮಗನೆಂಬ ಹೆಮ್ಮೆಯಿಂದ ಕುರ್ಚಿ ಬಿಟ್ಟೆದ್ದು ಕೈಮುಗಿದೆ. ಅವನು ನಾನು ಬಿಟ್ಟ ಕುರ್ಚಿಯಲ್ಲಿ ಆರಾಮಾಗಿ ಕೂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದ ನನ್ನ ಹೆಂಡತಿಯನ್ನು ಕೇಳಿದ: "ನಿನ್ನ ಗಂಡ ಎಲ್ಲಿ ಹೋಗ್ಯಾನವ್ವ? ಇಂವ ಯಾರೋ, ಗುರ್ತಽ ಹತ್ತವಲ್ದು."