ಬಾಯ್ತುಂಬ ಶುಂಠಿ ಬಿಸ್ಕತ್ತು

ಯಾಲ್ಮರನ ಕೇಡಿಗೆ ಕಾರಣ ಒಂದು ಹೊಗೆಗೂಡು. ಇಟ್ಟಿಗೆಯದ್ದಲ್ಲ, ಬಿಸ್ಕತ್ತಿನದು. ಯಾವುದೋ ಕಾಲದ ಕ್ರಿಸ್‌ಮಸ್ಸಿಗೆ ನಮ್ಮ ವಠಾರದ ಮಕ್ಕಳು ಕಟ್ಟಿದ್ದ ಶುಂಠಿ ಬಿಸ್ಕತ್ತಿನ ಮನೆಯ ಹೊಗೆಗೂಡು ವಾಲಿತ್ತು. ಹಾದು ಹೋಗುತ್ತಿದ್ದವನು ಸುಮ್ಮನೆ ಹೋಗಬಾರದೆ? ಒಂದು ತೊಟ್ಟು ಸಕ್ಕರೆ ಪಾಕ ಹಚ್ಚಿ ನೆಟ್ಟಗೆ ನಿಲ್ಲಿಸಿಬಿಟ್ಟ. ವಠಾರದ ಸಂಘದ ಅಧ್ಯಕ್ಷೆ ಗುನ್ವೋರ್ ಅದನ್ನು ನೋಡಿಬಿಟ್ಟಳು. ಅವಳ ಕಣ್ಣಿಗೆ ಬಿದ್ದ ಕೆಲಸಗಾರನ ಪಾಡು ತೋಳದ ಬಾಯಿಗೆ ಬಿದ್ದ ಮೊಲಕ್ಕಿಂತ ಕಡೆ. ಮೊಲಕ್ಕಾದರೂ ಒಂದೇ ಸಲ ಸಾವು.

ಅಂದಿನಿಂದ ವರ್ಷಾ ವರ್ಷಾ ಮಕ್ಕಳ ಕೈಲಿ ಬಿಸ್ಕತ್ತಿನ ಮನೆ ಕಟ್ಟಿಸುವ ಕೆಲಸ ಯಾಲ್ಮರನ ತಲೆಗೇ.

ಅವನ ಹೊಟ್ಟೆಪಾಡು ಹಿಮ ಗೋರುವ ಗಾಡಿ ಓಡಿಸುವುದು. ನಮ್ಮ ಹೆರ್ನೊಸಾಂಡಿನ ಹಿಮವೆಂದರೆ ಸಾಮಾನ್ಯವಲ್ಲ. ಅವನು ಗೋರಿ ಹಾಕಿದ ಗುಡ್ಡೆ ಹತ್ತಿ ನಿಂತರೆ ಸಮುದ್ರದಾಚೆ ಫಿನ್ಲೆಂಡಿನವರು ಊಟಕ್ಕೆ ಏನು ಮಾಡಿದ್ದಾರೆಂಬುದು ಕಾಣುತ್ತದೆ. ಸುಳ್ಳಲ್ಲ, ನಾನೇ ನೋಡಿದ್ದೇನೆ, ಮೀನು. ಇಂಥ ಊರಿನಲ್ಲಿ ವಾರವಿಡೀ ಹಿಮದ ಜೊತೆ ಗುದ್ದಾಡಿದವನಿಗೆ ನಿದ್ದೆಗೆಂದು ಸಿಗುವುದು ಭಾನುವಾರವೊಂದೇ. ಕ್ರಿಸ್‌ಮಸ್ ಬಂತೆಂದರೆ ಆ ಭಾನುವಾರವನ್ನೂ ಬಿಸ್ಕತ್ತು ನುಂಗುತ್ತಿತ್ತು.

ಈ ಭಾನುವಾರ ಅವನು ಗಟ್ಟಿ ಮನಸ್ಸು ಮಾಡಿದ್ದ. ಸಂಜೆ ಸಂಘದ ಸಭೆ. ಮುಂದಿನ ವರ್ಷದ ಕೆಲಸ ಹಂಚುವಾಗ ಎದ್ದು ನಿಂತು "ಆಗಲ್ಲ" ಎನ್ನುವುದು. ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದ. ಕನ್ನಡಿಯೊಳಗಿನವನು ಕೇಳಿ ಆಕಳಿಸಿದ.

ಬೆಳಿಗ್ಗೆ ವಠಾರದ ನೆಲಮಾಳಿಗೆಗೆ ಮಕ್ಕಳ ದಂಡು ನುಗ್ಗಿತು. ಹಿಟ್ಟು ಲಟ್ಟಿಸುವ ಹೊತ್ತಿಗೆ ಅರ್ಧ ಹಿಟ್ಟು ಮಾಯ.

"ತೂವಾ, ಹಸಿ ಹಿಟ್ಟು ತಿನ್ಬೇಡ, ಹೊಟ್ಟೆ ನೋಯುತ್ತೆ," ಎಂದ ಯಾಲ್ಮರ್.

"ತಿಂತಿಲ್ಲ ಯಾಲ್ಮರ್. ರುಚಿ ನೋಡ್ತಿದೀನಿ," ಎಂದಳು ಎರಡನೇ ಮಹಡಿಯ ತೂವಾ. ಮುಂದಿನ ಹಲ್ಲಿಲ್ಲದಿದ್ದರೂ ಕೆಲಸಕ್ಕೇನೂ ಅಡ್ಡಿಯಾದಂತಿರಲಿಲ್ಲ.

"ಎಷ್ಟು ಸಲ ನೋಡೋದು?"

"ಸರಿಯಾಗಿದೆ ಅಂತ ಗೊತ್ತಾಗೋವರ್ಗೂ."

ಅಷ್ಟರಲ್ಲಿ ಅವಳ ತಮ್ಮ ಮಾಲ್ಟೆ ಬೆಂಚಿನ ಮೇಲೆ ಆರಲು ಇಟ್ಟಿದ್ದ ಛಾವಣಿಯ ಮೇಲೆ ಕೂತು ಎದ್ದ. ಎದ್ದಾಗ ಅರ್ಧ ಛಾವಣಿ ಅವನ ಚಡ್ಡಿಯ ಜೊತೆಗೇ ಎದ್ದಿತು.

ಹೊಸ ಛಾವಣಿ ಬೇಯುತ್ತಿರುವಾಗ ಆಲ್ಗೊಟ್ ಇಳಿದು ಬಂದ. ಒಂದು ಕಾಲದಲ್ಲಿ ಸೇತುವೆ ಕಟ್ಟಿಸಿದ ಎಂಜಿನಿಯರು. ನಿವೃತ್ತನಾದ ಮೇಲೆ ಸೇತುವೆಗಳು ಸಿಗದೆ ನೆರೆಹೊರೆಯವರ ತಪ್ಪು ಹುಡುಕುತ್ತ ದಿನ ದೂಡುವವನು. ಗೋಡೆಯೊಂದನ್ನು ಬೆರಳಿನಿಂದ ತಟ್ಟಿ ನೋಡಿದ.

"ಏನಯ್ಯಾ ಇದು? ಗಟ್ಟೀನೇ ಇಲ್ಲ. ಇನ್ನೊಂದ್ಸಲ ಒಲೆಗೆ ಹಾಕು."

"ಇದನ್ನ ಮಕ್ಕಳು ತಿನ್ಬೇಕಲ್ಲ ಆಲ್ಗೊಟ್?"

"ಮನೇನ ಯಾರಾದ್ರೂ ತಿಂತಾರಾ? ಮನೆ ಅಂದ್ಮೇಲೆ ನಿಲ್ಬೇಕು!"

ವಾದಿಸಲು ಯಾಲ್ಮರನಿಗೆ ತ್ರಾಣವಿರಲಿಲ್ಲ. ಗೋಡೆ, ಬಿಡಿ ಬಿಸ್ಕತ್ತು, ಉಳಿದದ್ದೆಲ್ಲ ಮತ್ತೆ ಒಲೆ ಸೇರಿ ಎರಡನೇ ಸಲ ಬೆಂದಿತು. ಹೊರಬಂದ ಗೋಡೆ ಕೈಜಾರಿ ಬಿದ್ದಾಗ ಮುರಿದದ್ದು ನೆಲದ ಹಾಸುಗಲ್ಲು.

ಇನ್ನು ಅಂಟಿಸುವುದು. ಕುದಿಯುವ ಸಕ್ಕರೆ ಪಾಕ ಗೋಡೆಗೆ ಅಂಟಲು ಒಪ್ಪಲಿಲ್ಲ. ಯಾಲ್ಮರನ ಹೆಬ್ಬೆರಳಿಗೆ ಮಾತ್ರ ಜನ್ಮಾಂತರದ ನಂಟಿನಂತೆ ಹಿಡಿದುಕೊಂಡಿತು. ಉಫ್ ಉಫ್ ಎನ್ನುತ್ತಲೇ ನಾಲ್ಕು ಗೋಡೆ ನಿಲ್ಲಿಸಿ ಛಾವಣಿ ಹೊದಿಸಿದ. ಆಗ ಕಾಫಿ ಹೂಜಿ ಹಿಡಿದು ಗುನ್ವೋರ್ ಬಂದಳು.

"ಅಯ್ಯೋ, ಎಷ್ಟು ಚೆಂದ! ಆದ್ರೆ ಯಾಲ್ಮರ್, ಎದುರು ವಠಾರದವ್ರು ಈ ಸಲ ಇಗರ್ಜೀನೇ ಕಟ್ಟಿದಾರಂತೆ. ನಮ್ದಕ್ಕೂ ಒಂದು ಗೋಪುರ ಇರ್ಲಿ. ನಿನಗೇನು, ಚಿಟಿಕೆ ಹೊಡೆಯೋ ಕೆಲ್ಸ."

ಗೋಪುರವೂ ಏರಿತು. ಮಾಲ್ಟೆ ಸೀನಿದ. ಗೋಪುರ ಛಾವಣಿಯ ಮೇಲೆ, ಛಾವಣಿ ಗೋಡೆಯ ಮೇಲೆ, ಗೋಡೆ ಯಾಲ್ಮರನ ಮಡಿಲಿಗೆ. ಮಕ್ಕಳು ಚಪ್ಪಾಳೆ ತಟ್ಟಿ "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದವು.

ನಮ್ಮೂರಿನ ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲು; ಅಷ್ಟು ಹೊತ್ತಿಗೆ ಮನೆ ಮತ್ತೆ ನಿಂತಿತು. ಮೊಟ್ಟೆಯ ಬಿಳಿಗೆ ಸಕ್ಕರೆ ಕಡೆದು ಮಾಡಿದ ಹಿಮ ಛಾವಣಿಗಿಂತ ಹೆಚ್ಚಾಗಿ ಯಾಲ್ಮರನ ತಲೆಯ ಮೇಲಿತ್ತು. ಸಂಜೆ ಮೋಂಬತ್ತಿ ಹಚ್ಚಿದರು, ವಠಾರದವರೆಲ್ಲ ಕಾಫಿ ಹಿಡಿದು ಕೂತರು, ಸಭೆಗೆ ಕುರ್ಚಿ ಎಳೆದಾಡತೊಡಗಿದರು.

ತೂವಾ ಅವನ ಮುಂದೆ ಹೃದಯದಾಕಾರದ ಬಿಸ್ಕತ್ತೊಂದನ್ನು ಹಿಡಿದಳು. "ಎಲ್ರೂ ತಿಂದ್ರು, ನೀನೊಬ್ನೇ ತಿಂದಿಲ್ಲ. ಇದೊಂದೇ ಉಳಿದಿರೋದು. ಬೇಡ್ಕೊಂಡು ಗುದ್ದು."

ಶುಂಠಿ ಬಿಸ್ಕತ್ತನ್ನು ಅಂಗೈಲಿಟ್ಟು, ಮನಸ್ಸಿನಲ್ಲೇ ಏನಾದರೂ ಬೇಡಿಕೊಂಡು, ಬೆರಳಿನ ಗೆಣ್ಣಿನಿಂದ ಗುದ್ದಬೇಕು. ಸರಿಯಾಗಿ ಮೂರು ಚೂರಾದರೆ ಬೇಡಿದ್ದು ಕೈಗೂಡಿತೆಂದೇ ಲೆಕ್ಕ. ಆದರೆ ಮೂರೂ ಚೂರು ಹೊಟ್ಟೆ ಸೇರುವವರೆಗೆ ತುಟಿ ಪಿಟಕ್ಕೆನ್ನಬಾರದು, ಎಂದರೆ ಕೆಟ್ಟಿತು. ನಮ್ಮೂರಿನಲ್ಲಿ ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ. ಯಾಲ್ಮರ್ ಹುಟ್ಟಿದಾಗಿನಿಂದ ಗುದ್ದಿದ್ದಾನೆ. ಎರಡಾದದ್ದುಂಟು, ಐದಾದದ್ದುಂಟು, ಪುಡಿಯಾದದ್ದುಂಟು, ಮೂರು ಎಂದೂ ಆಗಿರಲಿಲ್ಲ.

'ಈ ಬಿಸ್ಕತ್ತಿನ ಕಾಟದಿಂದ ನನ್ನನ್ನು ಬಿಡಿಸಪ್ಪಾ' ಎಂದುಕೊಂಡು, ಅಷ್ಟೂ ವರ್ಷಗಳ ಸಿಟ್ಟನ್ನು ಗೆಣ್ಣಿಗೆ ತಂದು ಗುದ್ದಿದ.

ಮೂರು ಚೂರು! ಕೊರೆದಿಟ್ಟ ಹಾಗೆ.

"ಮೂರು! ಮೂರು! ಮಾತಾಡ್ಬೇಡ ಯಾಲ್ಮರ್!" ಮಕ್ಕಳು ಕಿರುಚಿದವು.

ಬೇಗ ಮುಗಿಯಲೆಂದು ಮೂರನ್ನೂ ಒಟ್ಟಿಗೇ ಬಾಯಿಗೆ ತುಂಬಿದ. ಕಚ್ಚಿದ. ಮುರಿದದ್ದು ಹಲ್ಲೋ ಬಿಸ್ಕತ್ತೋ ತಿಳಿಯಲಿಲ್ಲ. ಅದು ಆಲ್ಗೊಟ್ ಮಾತು ಕೇಳಿ ಎರಡು ಸಲ ಬೇಯಿಸಿದ್ದು.

ಟಕ್! ಗುನ್ವೋರ್ ಸುತ್ತಿಗೆಯಿಂದ ಮೇಜು ಕುಟ್ಟಿದಳು. "ಮಕ್ಕಳಿಗೆ ನಿದ್ದೆ ಬರೋ ಮೊದ್ಲು ಅವರ ವಿಷಯ ಮುಗಿಸ್ಬಿಡೋಣ. ಮುಂದಿನ ವರ್ಷವೂ ಬಿಸ್ಕತ್ತಿನ ಮನೆ ಯಾಲ್ಮರನೇ ಕಟ್ಟಿಸ್ಲಿ ಅಂತ ನನ್ನ ಸಲಹೆ. ಯಾರದಾದ್ರೂ ಆಕ್ಷೇಪ ಇದ್ರೆ ಹೇಳಿ."

ಯಾಲ್ಮರ್ ಧಡಕ್ಕನೆದ್ದ. ಬಾಯಿ ತೆರೆಯಹೋಗಿ ಮುಚ್ಚಿದ. ಮಾತಾಡಿದರೆ ಬೇಡಿದ್ದು ಫಲಿಸುವುದಿಲ್ಲ. ಬೇಡಿದ್ದು ಫಲಿಸುವುದಾದರೆ ಮಾತೇಕೆ? ಜೀವಮಾನದಲ್ಲಿ ಮೊದಲ ಸಲ ಆಗಿರುವ ಮೂರು ಚೂರು! ಬೇಡ ಬೇಡವೆಂದು ಕೈ ಎತ್ತಿ ಆಡಿಸಿದ. ತೂವಾ ಅದನ್ನು ಹಿಡಿದು ಕೆಳಗೆಳೆದಳು.

"ಕೈ ಆಡಿಸೋದೂ ಮಾತೇ! ಕೆಟ್ಟೋಗುತ್ತೆ!"

"ನೋಡಿ, ಎದ್ದು ನಿಂತು ಗೌರವ ತೋರಿಸ್ತಿದಾನೆ," ಎಂದಳು ಗುನ್ವೋರ್. "ಆಕ್ಷೇಪ ಇಲ್ವಾ? ಮೌನ ಅಂದ್ರೆ ಒಪ್ಪಿಗೆ." ಟಕ್! "ಎದುರು ವಠಾರದವ್ರೂ ತಮ್ಮ ಮಕ್ಕಳನ್ನ ಯಾಲ್ಮರನ ಹತ್ರಾನೇ ಕಳಿಸ್ತಾರಂತೆ. ಆಕ್ಷೇಪ?"

ಕಟಕಟ ಕಟಕಟ ಎಂಬ ಸದ್ದೊಂದೇ ಉತ್ತರ.

ಟಕ್!

ಕೊನೆಯ ಚೂರನ್ನು ಕಾಫಿಯೊಡನೆ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಯಾಲ್ಮರ್ ಗರ್ಜಿಸಿದ: "ಆಗಲ್ಲ!"

"ಏನು ಆಗಲ್ಲ?" ಎಂದಳು ಗುನ್ವೋರ್. ಸಭೆ ಆಗಲೇ ಬಟ್ಟೆ ಒಗೆಯುವ ಕೋಣೆಯ ಜಗಳಕ್ಕೆ ದಾಟಿತ್ತು. "ಮೆಷಿನ್ ರಿಪೇರಿನಾ?"

ಯಾಲ್ಮರ್ ಕುರ್ಚಿಯಲ್ಲಿ ಕುಸಿದ. ಸುಟ್ಟ ಹೆಬ್ಬೆರಳು ಚೀಪುತ್ತ ಗೊಣಗಿದ: "ಎಲ್ಲಾ ಸುಳ್ಳು ತೂವಾ. ಮೂರು ಚೂರೂ ಇಲ್ಲ, ಮಣ್ಣೂ ಇಲ್ಲ. ಏನೂ ಫಲಿಸಲ್ಲ."

"ಫಲಿಸುತ್ತೆ ಯಾಲ್ಮರ್," ಅವಳು ಅವನ ತೋಳಿಗೆ ಜೋತುಬಿದ್ದು ಬೋಡು ಬಾಯಿ ತುಂಬ ನಕ್ಕಳು. "ಬೆಳಿಗ್ಗೆ ನಂದೂ ಮೂರು ಚೂರಾಗಿತ್ತು. ಈಗ ಫಲಿಸ್ತು ನೋಡು."