ಬಿಳಿ ಕನ್ನಡಕದೊಳಗೆ ಕಣ್ಣು ಬರೆದುಕೊಡುವ ಬಗ್ಗೆ

ಇಂದ,
ವಿಜ್ಞಾನ ಮೇಷ್ಟ್ರು
(ತಮ್ಮ ಚಿತ್ರಕಥೆಯಲ್ಲಿ ‘ಬಿಳಿ ಕನ್ನಡಕ’ ಎಂಬ ಪಾತ್ರ),
ಪ್ರಯೋಗಾಲಯ, ಮೊದಲ ಮಹಡಿ.

ಗೆ,
೧. ಶ್ರೀ ಇರುವೆ, ಚಿತ್ರಕಾರರು, ಆರನೇ ತರಗತಿ.
೨. ಕುಮಾರಿ ವಟವಟ, ಸಂಭಾಷಣೆಕಾರರು, ಅದೇ ತರಗತಿ, ಅದೇ ಬೆಂಚು.

ವಿಷಯ: ಚಿತ್ರಕಥೆಯಲ್ಲಿ ಅರ್ಜಿದಾರರ ಕನ್ನಡಕದೊಳಗೆ ಕಣ್ಣು ಬರೆದುಕೊಡುವ ಹಾಗೂ ಕೊನೆಯ ಪುಟಕ್ಕೆ ಶಾಯಿ ಹಾಕದಿರುವ ಬಗ್ಗೆ.

ಉಲ್ಲೇಖ: ೧. ಶಾಲೆಯ ವಸ್ತುಪ್ರದರ್ಶನದಲ್ಲಿಡಲು ಅರ್ಜಿದಾರರ ರುಜುವಿಗೆ ಬಂದಿರುವ ತಮ್ಮ ಚಿತ್ರಕಥೆ ‘ಸಿಂಕಿಗೆ ಬಿದ್ದ ಇರುವೆ’.
೨. ಮೆಟ್ಟಿಲ ಬಳಿ ಕುಮಾರಿ ವಟವಟ ಅವರು ಅರ್ಜಿದಾರರಿಗೆ ಕೇಳಿಸುವಷ್ಟೇ ಮೆಲ್ಲಗೆ ಆಡಿದ ಮಾತು.

ಮಾನ್ಯ ಚಿತ್ರಕಾರರೇ, ಮಾನ್ಯ ಸಂಭಾಷಣೆಕಾರರೇ,

ಮೇಲ್ಕಂಡ ವಿಷಯವಾಗಿ ಅರ್ಜಿದಾರರು ತಮ್ಮಿಬ್ಬರ ಅವಗಾಹನೆಗೆ ತರುವುದೇನೆಂದರೆ, ಈ ಅರ್ಜಿ ಮೊದಲು ಆಕ್ಷೇಪಣೆಯಾಗಿ ಹುಟ್ಟಿತು. ಅರ್ಧ ದಾರಿಯಲ್ಲಿ ಅದಕ್ಕೇ ಅದರ ಮೇಲೆ ಅನುಮಾನ ಬಂದದ್ದರಿಂದ ಈಗಿನ ರೂಪ ತಾಳಿದೆ. ಸದರಿ ಅರ್ಜಿದಾರರು ಓದಿದ್ದು ವಿಜ್ಞಾನವಾದ ಕಾರಣ ಪ್ರತಿಯೊಂದನ್ನೂ ಪರೀಕ್ಷಿಸಿ ನೋಡುವ ಚಟವಿದ್ದು, ಆ ಚಟದಿಂದ ಅವರಿಗೆ ಲಾಭವಾದ ಉದಾಹರಣೆ ಈವರೆಗೆ ದೊರೆತಿಲ್ಲ.

೧. ತಮ್ಮ ಚಿತ್ರಕಥೆಯಲ್ಲಿ ಅರ್ಜಿದಾರರು ಎಲ್ಲೆಲ್ಲಿ ಬರುತ್ತಾರೋ ಅಲ್ಲೆಲ್ಲ ಅವರ ಕನ್ನಡಕದ ಗಾಜು ಬೆಳ್ಳಗಿದೆ. ಒಳಗೆ ಕಣ್ಣಿಲ್ಲ. ಹೊಟ್ಟೆಯ ಬಗ್ಗೆ ಆಕ್ಷೇಪವಿಲ್ಲ. ಅದು ಅಳತೆಗೆ ಸರಿಯಾಗಿದೆ. ಕೂದಲಿನಲ್ಲಿ ತಾವು ಧಾರಾಳತನವನ್ನೇ ತೋರಿದ್ದೀರಿ. ಆದರೆ ಇರುವ ಕಣ್ಣನ್ನು ಇಲ್ಲವೆಂದು ತೋರಿಸುವುದು ವಾಸ್ತವಕ್ಕೆ ವಿರುದ್ಧವೆಂದು ಅರ್ಜಿದಾರರು ಮೊದಲ ಓದಿನಲ್ಲಿ ಸಿಟ್ಟಾಗಿ, ರುಜು ಹಾಕದೆ ಪುಸ್ತಕವನ್ನು ಮೇಜಿನ ಖಾನೆಯಲ್ಲಿಟ್ಟರು. ಅದಾದ ಮೇಲೆಯೇ ಉಲ್ಲೇಖ (೨)ರ ಮಾತು ಬಂದದ್ದು: “ಬಿಡೋ, ಎದುರಿಗೆ ನಡೆದದ್ದೇ ಅವರಿಗೆ ಕಾಣಲಿಲ್ಲ, ಓದಿದ್ರೆ ಕಾಣುತ್ತಾ?” ಅದನ್ನು ಕೇಳಿ ಪುಸ್ತಕವನ್ನು ಮತ್ತೆ ಹೊರತೆಗೆಯಲಾಯಿತು.

೨. ಎರಡನೇ ಅಧ್ಯಾಯದಲ್ಲಿ, ಅರ್ಜಿದಾರರು ಬೋರ್ಡಿನತ್ತ ತಿರುಗಿ ಬೆಳಕಿನ ಪ್ರತಿಫಲನದ ಪಾಠ ಮಾಡುತ್ತಿರುವಾಗ, ಹಿಂದಿನ ಸಿಂಕಿನಲ್ಲಿ ಮಾನಿಟರ್ ಹುಡುಗನು, ಶ್ರೀ ಇರುವೆಯವರ ಚಿತ್ರದ ಹಾಳೆಗಳನ್ನು ತುರುಕಿ ಕೊಳಾಯಿ ಬಿಟ್ಟದ್ದನ್ನು ಬರೆದಿದ್ದೀರಿ. ಮಾನಿಟರ್ ಎಂದರೆ ಅರ್ಜಿದಾರರ ಚಾಕ್‌ಪೀಸು, ಡಸ್ಟರು, ಭೂತಗನ್ನಡಿಗಳನ್ನು ಹೊತ್ತು ತರುವವನು. ಅವರಿಂದ ‘ಜಾಣ’ ಎನ್ನಿಸಿಕೊಂಡವನು. ಚಿತ್ರಕಾರರಿಗೆ ‘ಇರುವೆ’ ಎಂಬ ಹೆಸರಿಟ್ಟವನೂ ಅವನೇ. (ಆ ಹೆಸರನ್ನೇ ಇಲ್ಲಿ ಬಳಸಿರುವುದಕ್ಕೆ ಕಾರಣ, ತಾವೇ ಅದನ್ನು ಮುಖಪುಟದಲ್ಲಿ ದೊಡ್ಡದಾಗಿ ಬರೆದು ಕಿರೀಟ ತೊಡಿಸಿದ್ದೀರಿ.) ಬೆನ್ನಿಗೆ ಕಣ್ಣಿಲ್ಲ, ಆದ್ದರಿಂದ ಕಂಡಿಲ್ಲ, ಆದ್ದರಿಂದ ದೋಷವಿಲ್ಲ ಎಂಬುದು ಅರ್ಜಿದಾರರ ವಾದವಾಗಿತ್ತು.

೩. ಸದರಿ ವಾದವನ್ನು ಸಾಬೀತುಪಡಿಸಲು ಅರ್ಜಿದಾರರು ಊಟದ ಬಿಡುವಿನಲ್ಲಿ ಅಟೆಂಡರನ್ನು ಸಿಂಕಿನ ಬಳಿ ನಿಲ್ಲಿಸಿ, ಸ್ವತಃ ಬೋರ್ಡಿನ ಮುಂದೆ ಚಾಕ್‌ಪೀಸು ಹಿಡಿದು ನಿಂತರು.

“ಎಷ್ಟೊತ್ತು ನಿಲ್ಲಬೇಕು ಸಾರ್? ಹೊಟ್ಟೆ ಹಸೀತಿದೆ.”

“ಸುಮ್ಮನಿರಪ್ಪ. ನೀನು ನನಗೆ ಕಾಣಬಾರದು.”

“ಕಾಣ್ತಾ ಇದೀನಾ?”

ಬೋರ್ಡಿನ ಪಕ್ಕದಲ್ಲಿ ಸೀಸೆಗಳ ಬೀರು ಇದೆ. ಅದಕ್ಕೆ ಗಾಜಿನ ಬಾಗಿಲಿದೆ. ಆ ಗಾಜಿನಲ್ಲಿ ಸಿಂಕು, ಕೊಳಾಯಿ, ಅಟೆಂಡರು, ಅವರು ಬಾಯಿ ತೆರೆದು ಆಕಳಿಸಿದ್ದು ಸಮೇತ ಎಲ್ಲವೂ ಕಂಡಿತು. ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ. ಹಾಳೆಗಳು ಸಿಂಕಿಗೆ ಬಿದ್ದ ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದೂ ಅದನ್ನೇ.

“ಕಾಣ್ತೀಯಪ್ಪ. ಹೋಗು, ಊಟ ಮಾಡು,” ಎಂದು ಅರ್ಜಿದಾರರು ಹೇಳಿದರು. ಅರ್ಜಿದಾರರ ಊಟದ ಡಬ್ಬಿ ಮಾತ್ರ ಆ ಬಿಡುವಿನಲ್ಲಿ ತೆರೆಯಲಿಲ್ಲ.

೪. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನೆನಪೆಂಬುದೂ ಒಂದು ಹಾಳು ಉಪಕರಣ, ಬೇಡವೆಂದಾಗ ಕೆಲಸ ಮಾಡುತ್ತದೆ. ಆ ಪಾಠದ ದಿನ ನೀರಿನ ಸದ್ದು ಅರ್ಜಿದಾರರಿಗೆ ಕೇಳಿಸಿತ್ತು. ಗಾಜಿನಲ್ಲಿ ಏನೋ ಅಲ್ಲಾಡಿತ್ತು. ಪಾಠ ಮುಗಿಸುವ ಅವಸರದಲ್ಲಿ ತಿರುಗದೆಯೇ “ಯಾರದು ನೀರು ಬಿಟ್ಟಿದ್ದು, ನಿಲ್ಲಿಸ್ರೋ” ಎಂದಿದ್ದರು. “ನಾನು ನಿಲ್ಲಿಸ್ತೀನಿ ಸಾರ್” ಎಂದಿದ್ದ ಮಾನಿಟರ್. “ಜಾಣ” ಎಂದಿದ್ದರು ಅರ್ಜಿದಾರರು. ತಮ್ಮ ಚಿತ್ರಕಥೆಯ ಮಾತಿನ ಗುಳ್ಳೆಯಲ್ಲಿ ಇದು ಅಕ್ಷರ ತಪ್ಪದೆ ದಾಖಲಾಗಿದೆ.

೫. ಮೂರನೇ ಅಧ್ಯಾಯದ ಬಗ್ಗೆ: ತೊಯ್ದ ಹಾಳೆಗಳನ್ನು ಒಣಗಿಸಲೆಂದು ಕುಮಾರಿ ವಟವಟ ಅವರು ಬರ್ನರ್ ಹಚ್ಚಿ, ಮೇಲೆ ತಂತಿಬಲೆ ಇಟ್ಟು, ಒಂದೊಂದೇ ಹಾಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸುತ್ತಿದ್ದಾಗ ಅರ್ಜಿದಾರರು ಬಂದರು. ಹಾಳೆ ಒದ್ದೆಯಾಗಿತ್ತು. ಶ್ರೀ ಇರುವೆಯವರ ಅಂಗಿಯೂ ಕಣ್ಣೂ ಒದ್ದೆಯಾಗಿದ್ದವು. ಇಷ್ಟನ್ನೂ ನೋಡಿದ ಮೇಲೆ ಅರ್ಜಿದಾರರು ಕೇಳಿದ ಪ್ರಶ್ನೆ: “ಗ್ಯಾಸ್ ಹಚ್ಚೋಕೆ ಅನುಮತಿ ಯಾರು ಕೊಟ್ರು?”

“ಯಾರೂ ಕೊಡ್ಲಿಲ್ಲ ಸಾರ್. ಯಾರೂ ಇರ್ಲಿಲ್ಲ,” ಎಂದರು ಕುಮಾರಿ ವಟವಟ.

ಇಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಲಾಯಿತು. ಆ ದಿನಕ್ಕೂ ಮೊದಲು ತಾವಿಬ್ಬರೂ ಪರಸ್ಪರ ಮಾತಾಡಿದವರಲ್ಲ ಎಂದೂ, ಅಲ್ಲಿ ನಿಂತಾಗಲೇ ಗೋಡೆಗೆ ಹಾಳೆ ಒತ್ತಿಹಿಡಿದು ಈ ಕಥೆ ಶುರು ಮಾಡಿದಿರಿ ಎಂದೂ ನಾಲ್ಕನೇ ಅಧ್ಯಾಯದಿಂದ ತಿಳಿದುಬರುತ್ತದೆ. ಆದಕಾರಣ, ತಮ್ಮಿಬ್ಬರ ಗೆಳೆತನದ ಸ್ಥಾಪಕರು ಅರ್ಜಿದಾರರೇ ಎಂದು ಹೇಳಿಕೊಳ್ಳುವ ಆಸೆ ಅವರಿಗೆ ಒಂದು ಗಳಿಗೆ ಬಂದಿತ್ತು. ಬಾಗಿಲಿಗೂ ಅಷ್ಟೇ ಹಕ್ಕಿದೆ ಎಂದು ಹೊಳೆದು ಕೈಬಿಟ್ಟಿದ್ದಾರೆ.

೬. ಮಾನಿಟರನನ್ನು ಕರೆದು ವಿಚಾರಿಸಲಾಗಿ, “ತಮಾಷೆಗೆ ಸಾರ್” ಎಂದನು. ಅರ್ಜಿದಾರರು “ಹೂಂ” ಎಂದರು. ‘ತಮಾಷೆ ಅಂದಮೇಲೆ ಅವನಿಗೂ ನಗು ಬರಬೇಕಿತ್ತಲ್ಲಪ್ಪ’ ಎಂಬ ಉತ್ತರ ಅವರಿಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಅದನ್ನು ಗಟ್ಟಿಯಾಗಿ ಹೇಳಿಯೂಬಿಟ್ಟದ್ದರಿಂದ ಪಕ್ಕದ ಪ್ರಯಾಣಿಕರು ಎದ್ದು ಬೇರೆ ಸೀಟಿಗೆ ಹೋದರು. ಮರುದಿನ ಅದೇ ಮಾತನ್ನು, ಹೆಡ್‌ಮೇಡಂ ಅವರ ಮುಂದೆ ಮಾನಿಟರನನ್ನೂ ಅವನ ತಾಯಿಯನ್ನೂ ಒಟ್ಟಿಗೆ ಕೂರಿಸಿ ಹೇಳಲಾಗಿದೆ. ಚಾಕ್‌ಪೀಸು, ಡಸ್ಟರುಗಳನ್ನು ಈಗ ಅರ್ಜಿದಾರರೇ ಹೊರುತ್ತಿದ್ದಾರೆ. ಭಾರ ಅಂಥದ್ದೇನಿಲ್ಲ.

೭. ಈಗ ಮುಖ್ಯ ಸಂಗತಿ. ಕೊನೆಯ ಪುಟ ಇನ್ನೂ ಪೆನ್ಸಿಲಿನಲ್ಲಿದೆ. ಒಂದು ಬೆಂಚು. ಒಂದು ತುದಿಯಲ್ಲಿ ಕುಮಾರಿ ವಟವಟ, ಇನ್ನೊಂದು ತುದಿ ಖಾಲಿ, ಅದರ ಪಕ್ಕದಲ್ಲಿ ನಿಂತ ಬಿಳಿ ಕನ್ನಡಕ. ಮಾತಿನ ಗುಳ್ಳೆಯೂ ಖಾಲಿ. ಕುಮಾರಿಯವರಿಗೆ ಮಾತು ಸಿಗದೆ ಹೋದದ್ದು ಶಾಲೆಗೆ ಸೇರಿದ ಮೇಲೆ ಇದೇ ಮೊದಲೆಂದು ಕಾಣುತ್ತದೆ. ಶ್ರೀ ಇರುವೆಯವರನ್ನು ಬೇರೆ ಶಾಲೆಗೆ ಸೇರಿಸಲು ಅವರ ತಂದೆ ವರ್ಗಾವಣೆ ಪತ್ರ ಕೇಳಿದ್ದಾರೆಂದು ಹೆಡ್‌ಮೇಡಂ ತಿಳಿಸಿದರು. ಅರ್ಜಿದಾರರು ತಂದೆಯವರನ್ನು ಕಂಡು ಬಂದರು.

“ಇಷ್ಟು ದಿನ ನೀವೆಲ್ಲಿದ್ರಿ ಮೇಷ್ಟ್ರೇ?”

“ಅಲ್ಲೇ ಇದ್ದೆ,” ಎಂದರು ಅರ್ಜಿದಾರರು. ಅದು ನಿಜವೇ.

ತಂದೆಯವರು, “ಹುಡುಗ ಪುಸ್ತಕ ಮುಗಿಸಿ ಹೋಗ್ತೀನಿ ಅಂತಿದಾನೆ. ಅವನು ಅದನ್ನ ಹೇಗೆ ಮುಗಿಸ್ತಾನೋ ನೋಡಿ, ಇರೋದೋ ಹೋಗೋದೋ ಹಾಗೇ ಮಾಡೋಣ,” ಎಂದರು.

ಆದ್ದರಿಂದ, ಹಾಗೂ ಮೇಲ್ಕಂಡ ಎಲ್ಲ ಕಾರಣಗಳಿಂದ, ಮತ್ತು ಅರ್ಜಿದಾರರಿಗೆ ಬೇರೆ ದಾರಿ ತೋರದ ಕಾರಣ, ಕೋರಿಕೊಳ್ಳುವುದೇನೆಂದರೆ:

(ಅ) ಕೊನೆಯ ಪುಟಕ್ಕೆ ಈಗಲೇ ಶಾಯಿ ಹಾಕಬಾರದು. ಪೆನ್ಸಿಲಿನಲ್ಲಿದ್ದ ಹಾಗೆಯೇ ಪ್ರದರ್ಶನಕ್ಕೆ ಇಡಬಹುದು. ಮುಗಿಯದ ಪ್ರಯೋಗವನ್ನೂ ಪ್ರದರ್ಶಿಸಬಹುದೆಂದು ನಿಯಮದಲ್ಲಿದೆ. ನಿಯಮದಲ್ಲಿ ಇಲ್ಲದಿದ್ದರೆ ಸೇರಿಸಲಾಗುವುದು, ಪ್ರದರ್ಶನದ ಉಸ್ತುವಾರಿ ಅರ್ಜಿದಾರರದ್ದೇ.

(ಆ) ಸೋಮವಾರದಿಂದ ಪ್ರತಿ ಬಿಡುವಿನಲ್ಲೂ ಅರ್ಜಿದಾರರು ಸ್ಟಾಫ್ ರೂಮು ಬಿಟ್ಟು ಮೆಟ್ಟಿಲ ಬಳಿ ನಿಲ್ಲುವರು. ಪ್ರಯೋಗಾಲಯದಲ್ಲಿ ಪಾಠ ಮಾಡುವಾಗ ಮಕ್ಕಳತ್ತ ಮುಖ ಮಾಡಿ ನಿಲ್ಲುವರು. ಬೋರ್ಡಿನ ಮೇಲೆ ಬರೆಯುವುದು ಅಡ್ಡಡ್ಡವಾಗಿ ಸಾಗಲಿದ್ದು, ಅಕ್ಷರ ಕೆಡುವುದನ್ನು ಮನ್ನಿಸಬೇಕು. ಇದನ್ನು ತಾವಿಬ್ಬರೂ ಯಾವಾಗ ಬೇಕಾದರೂ ತಪಾಸಣೆ ಮಾಡಬಹುದು.

(ಇ) ತಪಾಸಣೆಯಲ್ಲಿ ತೃಪ್ತಿಯಾದರೆ ಮಾತ್ರ ಕನ್ನಡಕದೊಳಗೆ ಕಣ್ಣು ಬರೆಯಬೇಕು. ಮೊದಲು ಒಂದು ಬರೆದು, ಅದು ಕೆಲಸ ಮಾಡುವುದೇ ಎಂದು ನೋಡಿ, ಎರಡನೆಯದನ್ನು ಬರೆದರೂ ಆದೀತು. ತೃಪ್ತಿಯಾಗದಿದ್ದರೆ ಗಾಜು ಬೆಳ್ಳಗೇ ಇರಲಿ.

ಚಿತ್ರಕಥೆಗೆ ಅರ್ಜಿದಾರರು ರುಜು ಹಾಕಿದ್ದಾರೆ. ಅದು ಈ ಅರ್ಜಿಯ ಫಲಿತಾಂಶವನ್ನು ಅವಲಂಬಿಸಿಲ್ಲ.

ತಮ್ಮ ವಿಶ್ವಾಸವನ್ನು ಇನ್ನೂ ಗಳಿಸಬೇಕಾಗಿರುವ,
ಬಿಳಿ ಕನ್ನಡಕ

ಲಗತ್ತುಗಳು:
೧. ರುಜು ಹಾಕಿದ ಚಿತ್ರಕಥೆ, ಒಂದು ಹನಿ ನೀರೂ ತಾಗದ ಸ್ಥಿತಿಯಲ್ಲಿ.
೨. ಬರ್ನರ್ ಹಚ್ಚಲು ಕುಮಾರಿ ವಟವಟ ಅವರಿಗೆ ಅನುಮತಿ ಪತ್ರ, ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ.
೩. ಹೊಸ ರಬ್ಬರ್ ಒಂದು. ಬೆಂಚಿನ ಖಾಲಿ ತುದಿಯಲ್ಲಿ ಯಾರನ್ನಾದರೂ ಕೂರಿಸುವುದಾದರೆ ಜಾಗ ಸಾಲದೆ ಹೋಗಬಹುದು. ಅಂಥ ಸಂದರ್ಭದಲ್ಲಿ ಪಕ್ಕದಲ್ಲಿ ನಿಂತಿರುವ ಅರ್ಜಿದಾರರ ಹೊಟ್ಟೆಯನ್ನು ಅಗತ್ಯವಿದ್ದಷ್ಟು ಅಳಿಸಿಕೊಳ್ಳಲು ಕೋರಿದೆ.