ನೌಕರರ ದೇಹದ ತುಕ್ಕು ನಿವಾರಣೆ ಕುರಿತು

ತೂಬು ಮತ್ತು ಗೇಟು ಉಪ ವಿಭಾಗ ಕಚೇರಿ
ಸಂಖ್ಯೆ: ತೂಗೇ/ಉಗ್ರಾಣ/ದೇಹತುಕ್ಕು/2025-26

ಸುತ್ತೋಲೆ

ವಿಷಯ: ತುಕ್ಕು ನಿರೋಧಕ ಬಾಬಿನಲ್ಲಿ ಖರೀದಿಸಲಾದ ವಿಟಮಿನ್ ಗುಳಿಗೆಗಳ ಬಳಕೆ ಹಾಗೂ ಗೇಟ್ ಆಪರೇಟರ್ ಶ್ರೀ ಈರಭದ್ರಪ್ಪ ಅವರ ಬಲಗಾಲಿನ ಬಗ್ಗೆ.

ಉಲ್ಲೇಖ: (1) ಕಡೂರಿನಿಂದ ಬಂದಿದ್ದ ಗುಳಿಗೆ ಮಾರಾಟ ಪ್ರತಿನಿಧಿಯ ಉಪನ್ಯಾಸ.
(2) ಶ್ರೀ ಈರಭದ್ರಪ್ಪ ಅವರ ಪತ್ನಿ ಶ್ರೀಮತಿ ಕಾಂತಮ್ಮ ಅವರ ಖುದ್ದು ಹೇಳಿಕೆ (ಕಚೇರಿ ಬಾಗಿಲಲ್ಲಿ, ಏರುದನಿಯಲ್ಲಿ).

ಉಲ್ಲೇಖ (1)ರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಹೃದ್ರೋಗ ಇರುವವರ ಮೈ ಒಳಗಿನಿಂದ ತುಕ್ಕು ಹಿಡಿಯುತ್ತದೆಂದೂ, ಆಂಟಿಆಕ್ಸಿಡೆಂಟ್ ಗುಳಿಗೆ ಅದನ್ನು ತಡೆಯುತ್ತದೆಂದೂ ತಿಳಿಸಲಾಗಿತ್ತು. ಗೇಟುಗಳ ತುಕ್ಕು ಕೆರೆಯುವುದರಲ್ಲೇ ತಲೆ ನರೆತ ಈ ಕಚೇರಿಗೆ ಸದರಿ ಮಾತು ಕೂಡಲೇ ಅರ್ಥವಾದ ಕಾರಣ, ಗೇಟಿನ ಬಣ್ಣಕ್ಕೆಂದು ಬಂದ ಅನುದಾನದಲ್ಲಿ ಗುಳಿಗೆ ಖರೀದಿಸಿ ಎಲ್ಲರಿಗೂ ಹಂಚಲಾಯಿತು. ತದನಂತರ ಉಂಟಾದ ಅವಾಂತರಗಳನ್ನು ಗಮನಿಸಿ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

1. ಗುಳಿಗೆ ನುಂಗುವ ಮುನ್ನ ಮೈಯನ್ನು ಗೇಟಿನ ತುಕ್ಕು ಕೆರೆಯುವ ಎಮೆರಿ ಪೇಪರಿನಿಂದ ಉಜ್ಜಿಕೊಳ್ಳುವ ಅಗತ್ಯವಿರುವುದಿಲ್ಲ. ಲಿಂಗದಹಳ್ಳಿ ಶಾಖೆಯಲ್ಲಿ ಈಗಾಗಲೇ ಉಜ್ಜಿಕೊಂಡವರು ಮುಲಾಮಿನ ವೆಚ್ಚವನ್ನು ತಾವೇ ಭರಿಸತಕ್ಕದ್ದು.

2. ಎಣ್ಣೆಯಂಥ ವಿಟಮಿನ್ ಇ ಗುಳಿಗೆಯನ್ನು ಸೂಜಿಯಿಂದ ಚುಚ್ಚಿ ತೂಬಿನ ತಿರುಪಿಗೆ ಸವರತಕ್ಕದ್ದಲ್ಲ. ಅಜ್ಜಂಪುರ ಶಾಖೆಯ ಶ್ರೀ ಗಿಡ್ಡಪ್ಪ ಅವರು ಸವರಿದ ತರುವಾಯ ಸದರಿ ತಿರುಪು ಒಂದೇ ಕೈಯಲ್ಲಿ ತಿರುಗುತ್ತಿರುವುದು ನಿಜ. ಅದೇ ಗುಳಿಗೆಯಿಂದ ತಮ್ಮ ಮಂಡಿಯೂ ಹಾಗೆಯೇ ತಿರುಗುವುದೆಂದು ಅವರು ಭಾವಿಸತಕ್ಕದ್ದಲ್ಲ.

3. ಗುಳಿಗೆ ನುಂಗಿದ ಧೈರ್ಯದಲ್ಲಿ ಬೀಡಿ ಹೆಚ್ಚಿಸುವುದನ್ನು ನಿಷೇಧಿಸಲಾಗಿದೆ. ಬೀಡಿ ಸೇದುವವರಿಗೆ ಬೀಟಾ ಕ್ಯಾರೊಟಿನ್ ಗುಳಿಗೆಯಿಂದ ಕೇಡೇ ಹೆಚ್ಚೆಂದು ತರೀಕೆರೆ ಆಸ್ಪತ್ರೆಯ ವೈದ್ಯೆ ಡಾ. ವಿದ್ಯಾಶ್ರೀ ಎಚ್ಚರಿಸಿದ್ದು, ಎರಡರಲ್ಲಿ ಯಾವುದನ್ನು ಬಿಡುವಿರೆಂದು ಕೇಳಲಾಗಿ, ಬೀಡಿ ಸೇದುವ ಸಿಬ್ಬಂದಿಯು ಒಮ್ಮತದಿಂದ ಗುಳಿಗೆಯನ್ನು ಬಿಟ್ಟಿರುತ್ತಾರೆ.

4. ಸಕ್ಕರೆ ಕಾಯಿಲೆಯಲ್ಲಿ ಒಳಗೆ ಇಂಥದೊಂದು ತುಕ್ಕು ಹೆಚ್ಚುವುದು ಸುಳ್ಳಲ್ಲ. ಆದರೆ ಬಾಟಲಿಯ ಗುಳಿಗೆ ಅದನ್ನು ತಡೆದು ಕಾಯಿಲೆ ಇಳಿಸಿದ್ದಕ್ಕೆ ಪುರಾವೆ ಸಿಕ್ಕಿಲ್ಲವೆಂದು ಸದರಿ ವೈದ್ಯೆ ತಿಳಿಸಿರುತ್ತಾರೆ. ಸೊಪ್ಪು, ನೆಲ್ಲಿಕಾಯಿ ತಿನ್ನಬಹುದು. ಇದಕ್ಕೆ ಉಗ್ರಾಣದ ಪೂರ್ವಾನುಮತಿ ಬೇಕಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನಂತೂ ಯಾವ ಕಾರಣಕ್ಕೂ ನಿಲ್ಲಿಸತಕ್ಕದ್ದಲ್ಲ.

5. ಶ್ರೀ ಈರಭದ್ರಪ್ಪ ಅವರು ನಿಲ್ಲಿಸಿರುತ್ತಾರೆ. ಕಚೇರಿ ಕೊಟ್ಟ ಗುಳಿಗೆ ಇರುವಾಗ ಬೇರೆ ಮಾತ್ರೆ ನುಂಗುವುದು ಕಚೇರಿಗೆ ಅವಮಾನವೆಂಬುದು ಅವರ ನಿಲುವು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿರುವ ಕಾರಣ, ಬಲಗಾಲಿಗೆ ಮೊಳೆ ಹೊಕ್ಕಿದ್ದು ಅವರ ಗಮನಕ್ಕೆ ಬಂದಿರುವುದಿಲ್ಲ. ಚಪ್ಪಲಿ ರಕ್ತದಿಂದ ಒದ್ದೆಯಾದ ಬಳಿಕ ಮನೆಯವರ ಗಮನಕ್ಕೆ ಬಂದಿರುತ್ತದೆ. ಗಾಯ ಕಪ್ಪಾಗುತ್ತಿದೆಯೆಂದು ತಿಳಿಸಲಾಗಿ, "ಚೂರೂ ನೋವಿಲ್ಲ ಕಣ್ರೀ, ಗುಳ್ಗೆ ಚೆನ್ನಾಗಿ ಕೆಲ್ಸ ಮಾಡ್ತೈತೆ" ಎಂದು ಸಂತೋಷದಿಂದ ಉತ್ತರಿಸಿರುತ್ತಾರೆ. ಸದರಿ ಸಂತೋಷವು ಈ ಕಚೇರಿಗೆ ತೀವ್ರ ಸಂಕಟ ಉಂಟುಮಾಡಿರುತ್ತದೆ.

6. ಉಲ್ಲೇಖ (2)ರಲ್ಲಿ ಶ್ರೀಮತಿ ಕಾಂತಮ್ಮ ಅವರು, "ನೀವ್ ಕೊಟ್ಟಿದ್ದು ಅಂತ ಪ್ರಸಾದದಂಗೆ ಕಣ್ಗೊತ್ಕೊಂಡು ನುಂಗಿದ್ರು. ನಾಳೆ ಕಾಲು ಹೋದ್ರೆ ನಿಮ್ ಸ್ಟೋರಿಂದ ಇನ್ನೊಂದ್ ಕೊಡ್ತೀರೇನ್ರೀ?" ಎಂದು ಕೇಳಿರುತ್ತಾರೆ. ಪ್ರಶ್ನೆಯನ್ನು ನಿಯಮಾನುಸಾರ ಉಗ್ರಾಣಕ್ಕೆ ರವಾನಿಸಲಾಗಿ, ಕಾಲುಗಳ ದಾಸ್ತಾನು ಶೂನ್ಯವೆಂದೂ, ಖರೀದಿಗೆ ಮಂಜೂರಾದ ದರವಿಲ್ಲವೆಂದೂ ವರದಿ ಬಂದಿರುತ್ತದೆ. ಈ ವರದಿಯನ್ನು ಅವರಿಗೆ ಓದಿ ಹೇಳಲು ಕಚೇರಿಯಲ್ಲಿ ಯಾರೂ ಮುಂದೆ ಬಂದಿರುವುದಿಲ್ಲ. ಕೆಳಗೆ ಸಹಿ ಮಾಡಿದವರಿಗೂ ಧೈರ್ಯ ಸಾಲದು.

7. ಆದುದರಿಂದ ಶ್ರೀ ಈರಭದ್ರಪ್ಪ ಅವರನ್ನು ಕಚೇರಿ ಜೀಪಿನಲ್ಲಿ ಈ ಕೂಡಲೇ ತರೀಕೆರೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬರಲೊಲ್ಲೆನೆಂದರೆ ಇದು ಕಚೇರಿ ಆದೇಶವೆಂದು ಹೇಳುವುದು. ಅವರು ಆದೇಶ ಮೀರುವವರಲ್ಲ. ಡೀಸೆಲ್ ಯಾವ ಬಾಬಿಗೆ ಹಾಕಬೇಕೆಂಬುದನ್ನು ಆಮೇಲೆ ನೋಡಲಾಗುವುದು.

ಸಹಿ/-
(ಮಲ್ಲಿಕಾರ್ಜುನಯ್ಯ)
ಸಹಾಯಕ ಕಾರ್ಯಪಾಲಕ ಇಂಜಿನಿಯರ್

ಪ್ರತಿ:
1. ಶಾಖಾಧಿಕಾರಿಗಳು, ಅಜ್ಜಂಪುರ ಮತ್ತು ಲಿಂಗದಹಳ್ಳಿ – ಉಳಿದ ಗುಳಿಗೆ ಹಿಂದಿರುಗಿಸಲು.
2. ಗುಳಿಗೆ ಮಾರಾಟ ಪ್ರತಿನಿಧಿ, ಕಡೂರು – ಸಿಕ್ಕಲ್ಲಿ.
3. ಶ್ರೀಮತಿ ಕಾಂತಮ್ಮ – ಕಲಂ 6ನ್ನು ಹೊರತುಪಡಿಸಿ.
4. ಶ್ರೀ ರಘು, ಜೀಪ್ ಚಾಲಕರು – ಓದುವ ಅಗತ್ಯವಿಲ್ಲ. ಹೊರಡುವುದು.